ಚಿಗರಿ ಕಾಯೋರು ಯಾರು?

ಕೃಷ್ಣಮೃಗ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಒಬ್ಬ ಬಾಲಿವುಡ್ ನಟನ ಕೋರ್ಟ್ ಕೇಸು. ಬೀದರ್ ಜಿಲ್ಲೆಯ ರೈತನಿಗೆ ಹಾಗಲ್ಲ. ಅವನಿಗೆ ಅದು ಚಿಗರಿ. ಮುಂಗಾರಿನಲ್ಲಿ ಸೋಯಾ, ಹೆಸರು ಎರಡೆಲೆ ಬಿಟ್ಟಿತೋ ಇಲ್ಲವೋ, ಹಿಂಡು ಹೊಲಕ್ಕೆ ಇಳಿಯುತ್ತೆ. ಬೆಳಿಗ್ಗೆ ಹೋಗಿ ನೋಡಿದ್ರೆ ಸಾಲಿಗೆ ಸಾಲೇ ಬೋಳು. ಚಿಗರಿ ನೋಡಕ್ಕೆ ಚೆಂದ, ನನ್ನ ಸಾಲ ಯಾರು ಕಟ್ತಾರೆ ಅಂತ ಅವನು ಕೇಳಿದರೆ, ಸ್ಟುಡಿಯೋದಲ್ಲಿ ಕೂತ ನಾನು ಏನು ಹೇಳಲಿ?

ಹುಮನಾಬಾದ್, ಬಸವಕಲ್ಯಾಣದ ಸೀಮೆಯಲ್ಲೊಂದು ವನ್ಯಜೀವಿ ಪಾರ್ಕ್ ಇರಲಿ, ಮಕ್ಕಳು ಕಲಿಯಲಿ ಅಂದರೆ ನಾನೂ ಕೈ ಎತ್ತುತ್ತೇನೆ. ಆದರೆ ಬೇಲಿ ಹಾಕಿ, ಟಿಕೆಟ್ ಕೌಂಟರ್ ಇಟ್ಟು, ಗೇಟಿನಲ್ಲಿ ಸಿಮೆಂಟಿನ ಜಿಂಕೆ ನಿಲ್ಲಿಸೋ ಪಾರ್ಕ್ ಬೇಡ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ನೋಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ ಊರಿನವರು. ಗೂಡಿನಿಂದ ಬಿದ್ದ ಮರಿಗಳನ್ನ ಅಲ್ಲಿನ ಹೆಜ್ಜಾರ್ಲೆ ಬಳಗದವರು ಸಾಕಿ ಬಿಟ್ಟರು. ಹಿಕ್ಕೆ ಗೊಬ್ಬರವಾಯಿತು. ಹುಣಸೆ ಫಸಲು ಕಳೆದುಕೊಂಡವರಿಗೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಹಣ ಕೊಟ್ಟಿತು. ಬರೀ ಪ್ರೀತಿಯ ಮೇಲೆ ನಡೆದಿಲ್ಲ ಸ್ವಾಮಿ! 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು.

ಈ ದಾರಿ ಕಾನೂನಿನಲ್ಲೇ ಇದೆ. 1972ರ ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ್ದು. ಖಾಸಗಿ ಅಥವಾ ಸಮುದಾಯದ ಜಮೀನಿನವರು ತಾವಾಗಿ ಮುಂದೆ ಬರಬೇಕು. ಸಮುದಾಯದ ಜಮೀನಾದರೆ ನಿರ್ವಹಣಾ ಸಮಿತಿಯಲ್ಲಿ ಪಂಚಾಯ್ತಿ ಸೂಚಿಸಿದ ಐದು ಪ್ರತಿನಿಧಿಗಳಾದರೂ ಇರಬೇಕು. ಆದರೆ ಒಮ್ಮೆ ಘೋಷಣೆಯಾದರೆ, ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆ ಇಲ್ಲದೆ ಜಮೀನಿನ ಬಳಕೆ ಬದಲಿಸುವಂತಿಲ್ಲ. ಇದನ್ನ ರೈತನಿಗೆ ಸಹಿ ಹಾಕಿಸೋ ಮೊದಲು ಹೇಳಬೇಕು, ಆಮೇಲಲ್ಲ. ಸರ್ಕಾರಿ ಜಾಗವಾದರೆ ಅದು ಸಂರಕ್ಷಣಾ ಮೀಸಲು. ಅಲ್ಲಿ ಸಮಿತಿಯದ್ದು ಸಲಹೆ ಮಾತ್ರ. ಎರಡರಲ್ಲಿ ಯಾವುದು ಅಂತ ಕೇಳಿಯೇ ತಿಳ್ಕೊಳ್ಳಿ.

ಇನ್ನೊಂದು. ಚಿಗರಿ ಬಯಲಿನ ಪ್ರಾಣಿ. ದೂರ ಕಾಣಬೇಕು, ಓಡಕ್ಕೆ ಜಾಗ ಬೇಕು. ನಾವು ಗಾಯರಾಣವನ್ನ ಬಂಜರು ಅಂತ ಬರೆದು, ವನಮಹೋತ್ಸವದ ಹೆಸರಲ್ಲಿ ಅಕೇಶಿಯಾ ನೆಟ್ಟು ಫೋಟೋ ತೆಗೆಸಿಕೊಳ್ತೀವಿ. ಹುಲ್ಲು ಹೋದಮೇಲೆ ಅದು ಹೊಲಕ್ಕೆ ಬರದೆ ಎಲ್ಲಿಗೆ ಹೋಗಬೇಕು?

ಅನುಭವ ಮಂಟಪದ ಊರಿಗೆ ಕೂತು ಮಾತಾಡೋದನ್ನ ಯಾರೂ ಹೇಳಿಕೊಡಬೇಕಿಲ್ಲ. ಬಿತ್ತನೆಗೆ ಮೊದಲೇ ಗ್ರಾಮಸಭೆ ಕರೀರಿ. ಅಧಿಕಾರಿಗಳೂ ಜಮಖಾನದ ಮೇಲೇ ಕೂರಲಿ. ಮೊದಲ ಪ್ರಶ್ನೆ ಪಾರ್ಕಿನ ಹೆಸರಿನದ್ದಲ್ಲ, ತಿಂದ ಬೆಳೆಯ ಹಣ ಎಷ್ಟು ದಿನದಲ್ಲಿ ಬರುತ್ತೆ ಅನ್ನೋದು.