ಬಿಟ್ಟ ಧನ, ಕೊಟ್ಟ ಧನ



ಅಮೇರಿಕಾ ದೇಶದಲ್ಲಿ ಹಡಗು ರೈಲುಗಳ ಉದ್ಯಮದಿಂದ ಧನಿಕನಾದ ಕಾರ್ನೆಲಿಯಸ್ ವಾಂಡರ್‌ಬಿಲ್ಟನು 1877ರಲ್ಲಿ ಕಾಲವಾದಾಗ ಬಿಟ್ಟುದು ಸುಮಾರು 10 ಕೋಟಿ ಡಾಲರು. ಮಗ ವಿಲಿಯಮ್ಮನು 1885ರಲ್ಲಿ ಮಡಿಯುವುದರೊಳಗೆ ಅದನ್ನು ಇಮ್ಮಡಿಸಿದನು. ಮೊಮ್ಮಗನು ನ್ಯೂಯಾರ್ಕಿನಲ್ಲಿ ಕಟ್ಟಿಸಿದ ಅರಮನೆಯಾದರೋ ಅರ್ಧಶತಮಾನವೂ ನಿಲ್ಲದೆ 1926ರಲ್ಲಿ ಮಾರಾಟವಾಗಿ ನೆಲಸಮವಾಯಿತು. ಆ ಸ್ಥಳದಲ್ಲಿ ಬಟ್ಟೆಯಂಗಡಿ ಎದ್ದಿತು.

ನೇಕಾರನ ಮಗನಾದ ಆಂಡ್ರೂ ಕಾರ್ನೆಗಿಯು ಉಕ್ಕಿನ ಉದ್ಯಮದಲ್ಲಿ ಗಳಿಸಿದುದರಲ್ಲಿ ಸುಮಾರು 35 ಕೋಟಿ ಡಾಲರುಗಳನ್ನು ಬದುಕಿರುವಾಗಲೇ ದಾನವಿತ್ತನು. ಅದರಿಂದ ಎರಡೂವರೆ ಸಾವಿರ ಪುಸ್ತಕಾಲಯಗಳು ಎದ್ದುವು. ಆದರೆ 1892ರಲ್ಲಿ ಹೋಮ್‌ಸ್ಟೆಡ್ಡಿನ ಅವನ ಕಾರ್ಖಾನೆಯಲ್ಲಿ ಕೂಲಿಯ ಕಡಿತವನ್ನೊಪ್ಪದ ಕಾರ್ಮಿಕರ ರಕ್ತವು ಹರಿದುದನ್ನು ಆ ಗ್ರಂಥರಾಶಿಯೂ ಮುಚ್ಚಲಾರದು.

ಮಹಾಶಯರೇ, ಬಿಟ್ಟುಹೋದ ಧನಕ್ಕಿಂತ ಕೊಟ್ಟುಹೋದ ಧನವು ಲೇಸು. ಆದರೆ ದುಡಿದವನ ಕೂಲಿಯನ್ನು ಕುಂದಿಲ್ಲದೆ ಕೊಟ್ಟ ಬಳಿಕವೇ ಉಳಿದುದು ದಾನವೆನಿಸುವುದು.