ಸೂರ್ಯನ ಕುದುರೆ: ಹೆಸರು ಬೇರೆ, ಬಂಧುತ್ವ ಬೇರೆ
(ವಸಂತಪುರದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ನಾನು ಉರ್ದು, ಕನ್ನಡ ಕಲಿಸುವ ಶಿಕ್ಷಕಿ. ಆದ್ದರಿಂದ ಈ ಹುಳುವಿನ ಪರಿಚಯವನ್ನು ಹೆಸರಿನಿಂದಲೇ ಆರಂಭಿಸುತ್ತೇನೆ. ನಾವು ಇದನ್ನು ಸೂರ್ಯನ ಕುದುರೆ ಎನ್ನುತ್ತೇವೆ. ಇಂಗ್ಲಿಷಿನವರು ಪ್ರೇಯಿಂಗ್ ಮ್ಯಾಂಟಿಸ್ ಎನ್ನುತ್ತಾರೆ. ಮ್ಯಾಂಟಿಸ್ ಗ್ರೀಕ್ ಪದ. ಭವಿಷ್ಯ ನುಡಿಯುವವನು ಎಂದರ್ಥ. ಮುಂಗಾಲು ಮಡಚಿ ನಿಂತ ಭಂಗಿಯನ್ನು ಕಂಡು, ಇದು ಪ್ರಾರ್ಥನೆ ಮಾಡುತ್ತಿದೆ ಎಂದು ಜನ ಭಾವಿಸಿದರು. ಆದರೆ ಆ ಕಾಲುಗಳಲ್ಲಿ ಗರಗಸದಂಥ ಮುಳ್ಳುಗಳಿವೆ. ಅದು ಬೇಟೆಗೆ ಹೊಂಚು ಹಾಕುವ ಭಂಗಿ.

ಹೆಸರಿನಂತೆ ರೂಪವೂ ಮೋಸಗೊಳಿಸುತ್ತದೆ. 1758ರಲ್ಲಿ ಲಿನೇಯಸ್ ಇದನ್ನು ಮಿಡತೆಗಳ ಗುಂಪಿಗೆ ಸೇರಿಸಿದ್ದರು. ಇಂದು ಇದಕ್ಕೆ ಮ್ಯಾಂಟೋಡಿಯಾ ಎಂಬ ಪ್ರತ್ಯೇಕ ಗಣವಿದೆ. ಇದರ ಹತ್ತಿರದ ಬಂಧುಗಳು ಮಿಡತೆಗಳಲ್ಲ, ಜಿರಳೆ ಮತ್ತು ಗೆದ್ದಲು! ಜಿರಳೆಯಂತೆ ಇದೂ ಮೊಟ್ಟೆಗಳನ್ನು ಒಂದು ಕೋಶದಲ್ಲಿ ಇಡುತ್ತದೆ. ನೊರೆಯಂತೆ ಹೊರಬಂದು ಗಟ್ಟಿಯಾಗುವ ಆ ಕೋಶವು ಕಡ್ಡಿಗೋ ಗೋಡೆಗೋ ಅಂಟಿರುತ್ತದೆ.

ಜಗತ್ತಿನಲ್ಲಿ 2,400ಕ್ಕೂ ಹೆಚ್ಚು ಪ್ರಭೇದಗಳಿವೆ. ತೊಗಟೆಯಂತೆ, ಒಣ ಎಲೆಯಂತೆ, ಹುಲ್ಲುಕಡ್ಡಿಯಂತೆ ಕಾಣುವವು ಹಲವು. ಒಂದೇ ಬಗೆಯ ವೇಷವನ್ನು ಬೇರೆ ಬೇರೆ ವಂಶಗಳು ತಮ್ಮಷ್ಟಕ್ಕೆ ಪಡೆದುಕೊಂಡದ್ದರಿಂದ, ರೂಪ ನೋಡಿ ಮಾಡಿದ ಹಳೆಯ ಗುಂಪುಗಳು ಕೆಟ್ಟವು. ವಂಶವಾಹಿಗಳ ಅಧ್ಯಯನದ ನಂತರ, 2019ರಲ್ಲಿ ಶ್ವಾರ್ಜ್ ಮತ್ತು ರಾಯ್ ಎಂಬ ವಿಜ್ಞಾನಿಗಳು ಇಡೀ ಗಣದ ವರ್ಗೀಕರಣವನ್ನು ಮತ್ತೆ ಬರೆದರು.

ಹೂವಿನ ಮ್ಯಾಂಟಿಸ್‌ಗಳ ಕುಟುಂಬದ ಹೆಸರು ಹೈಮೆನೋಪೋಡಿಡೇ. ಭಾರತದಲ್ಲಿರುವ ಕ್ರಿಯೋಬ್ರೋಟರ್ ಇದರಲ್ಲಿ ಒಂದು. ಅದರ ಹಸಿರು ರೆಕ್ಕೆಯ ಮೇಲೆ ಕಣ್ಣಿನಂಥ ಗುರುತಿದೆ. ಈ ಕುಟುಂಬದ ಹಲವು ಮರಿಗಳು ಹುಟ್ಟಿದಾಗ ಇರುವೆಯಂತೆ ಕಪ್ಪಗಿರುತ್ತವೆ. ಆಗ್ನೇಯ ಏಷ್ಯಾದ ಆರ್ಕಿಡ್ ಮ್ಯಾಂಟಿಸ್ ಹೂವಿನೊಳಗೆ ಅಡಗುತ್ತದೆ ಎಂದು ಬಹುಕಾಲ ನಂಬಿದ್ದರು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯದನ್ನು ತೋರಿಸಿತು: ಹೂವಿಲ್ಲದ ಕಡೆ ಕೂತರೂ ಅದೇ ಹೂವಾಗಿ ಕೀಟಗಳನ್ನು ಸೆಳೆಯುತ್ತದೆ, ಅದೂ ನಿಜವಾದ ಹೂವಿಗಿಂತ ಹೆಚ್ಚಾಗಿ!

ನಮ್ಮ ದಕ್ಷಿಣ ಭಾರತದ ಕುರುಚಲು ಪ್ರದೇಶದ ಪಿಟೀಲು ಮ್ಯಾಂಟಿಸ್, ಅಂದರೆ ಗಾಂಗೈಲಸ್, ಒಣ ಎಲೆಯಂತಿದೆ. ಅದು ಎಂಪುಸಿಡೇ ಕುಟುಂಬಕ್ಕೆ ಸೇರಿದ್ದು. ಅದರ ಗಂಡಿನ ಮೀಸೆ ಬಾಚಣಿಗೆಯಂತೆ.

ವಿದ್ಯಾರ್ಥಿಗಳೇ, ಇದೆಲ್ಲ ನಮಗೇಕೆ ಎಂದು ನೀವು ಕೇಳಬಹುದು. ವಸಂತಪುರದ ಖಾಲಿ ನಿವೇಶನಗಳು ಒಂದೊಂದಾಗಿ ಕಟ್ಟಡಗಳಾಗುತ್ತಿವೆ. ಉಳಿದ ಕಡೆ ಒಣಹುಲ್ಲಿಗೆ ಬೆಂಕಿ ಇಟ್ಟರೆ, ಕಡ್ಡಿಗೆ ಅಂಟಿದ ಮೊಟ್ಟೆಕೋಶವೂ ಸುಡುತ್ತದೆ. ಒಂದು ಕೋಶವೆಂದರೆ ಹತ್ತಾರು, ಕೆಲವೊಮ್ಮೆ ನೂರಾರು ಮರಿಗಳು. ಹೆಸರು ತಿಳಿಯುವ ಮೊದಲೇ ಅವು ಹೋಗುತ್ತವೆ.

ಇದು ವಿಷದ ಹುಳುವಲ್ಲ, ಚಪ್ಪಲಿ ಎತ್ತಬೇಡಿ. ಮನೆಯ ಬೇಲಿಯಲ್ಲೋ ತುರಹಳ್ಳಿ ಕಾಡಿನ ಅಂಚಿನಲ್ಲೋ ಕಂಡರೆ ಚಿತ್ರ ತೆಗೆಯಿರಿ. ದಿನಾಂಕ, ಗಿಡದ ಹೆಸರು, ರೆಕ್ಕೆ ಇದೆಯೋ ಇಲ್ಲವೋ ಎಂಬುದನ್ನು ಬರೆದಿಡಿ. ರೆಕ್ಕೆ ಪೂರ್ತಿ ಬೆಳೆದಿರದಿದ್ದರೆ ಅದು ಇನ್ನೂ ಮರಿಯಿರಬಹುದು. ಕೀಟಗಳನ್ನು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆ ನಮ್ಮದೇ ಊರಿನ ಹೆಬ್ಬಾಳದಲ್ಲಿದೆ. ನಿಮ್ಮಲ್ಲಿ ಒಬ್ಬರಾದರೂ ಆ ನೋಟ್‌ಬುಕ್ ಹಿಡಿದು ಅಲ್ಲಿಯವರೆಗೆ ಹೋಗಲಿ ಎಂಬುದು ನನ್ನ ಆಸೆ.