ಕಲ್ಲಿದ್ದಲಿಲ್ಲದ ಉಕ್ಕು

(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ರಾಯದುರ್ಗಕ್ಕೆ ನೆರೆಯಾದ ಬಳ್ಳಾರಿ ಸೀಮೆಯ ಅದಿರು ತೋರಣಗಲ್ಲಿನ ಕುಲುಮೆಗಳಲ್ಲಿ ಉಕ್ಕಾಗುವುದನ್ನು ತಾವೆಲ್ಲರೂ ಬಲ್ಲಿರಿ. ಅದಿರಿನಲ್ಲಿ ಕಬ್ಬಿಣವು ಆಮ್ಲಜನಕದೊಡನೆ ಬೆಸೆದಿರುತ್ತದೆ. ಅದನ್ನು ಬಿಡಿಸಲು ಕಲ್ಲಿದ್ದಲಿನ ಇಂಗಾಲವನ್ನು ಬಳಸಿದರೆ ಇಂಗಾಲಾಮ್ಲವಾಯು ಹೊರಟು ಭೂಮಿಯ ತಾಪವನ್ನು ಹೆಚ್ಚಿಸುವುದು. ಜಲಜನಕವನ್ನು ಬಳಸಿದರೆ ಹೊರಡುವುದು ಬರಿಯ ನೀರಾವಿ. ಆದರೆ ಬಿಸಿಲು ಗಾಳಿಗಳ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆವ ಜಲಜನಕವು ದುಬಾರಿ. ಹೊಸ ದಾರಿಯ ಮೊದಲ ನಷ್ಟವನ್ನು ತಾನೊಂದೇ ಹೊರಲು ಯಾವ ಕಾರ್ಖಾನೆಯೂ ಸುಲಭವಾಗಿ ಮುಂದಾಗದು.

ಆದುದರಿಂದಲೇ ಸರ್ಕಾರದ ನೆರವು ಅವಶ್ಯ. ಸ್ವೀಡನ್ ದೇಶದ ಲೂಲಿಯೊ ಪಟ್ಟಣದಲ್ಲಿ, ಸರ್ಕಾರದ ಸಹಾಯಧನ ಪಡೆದ ಪ್ರಯೋಗ ಸ್ಥಾವರವೊಂದು 2020ರಲ್ಲಿ ಆರಂಭವಾಯಿತು. 2021ರಲ್ಲಿ ಅಲ್ಲಿಯ ಕಬ್ಬಿಣದಿಂದ ಉಕ್ಕು ಸಿದ್ಧವಾಯಿತು. ಭಾರತ ಸರ್ಕಾರವು 2023ರಲ್ಲಿ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ 19,744 ಕೋಟಿ ರೂಪಾಯಿಗಳನ್ನು ಗೊತ್ತುಮಾಡಿತು. ಅದರಲ್ಲಿ 455 ಕೋಟಿ ಉಕ್ಕಿನ ಪ್ರಯೋಗಗಳಿಗೆ ಮೀಸಲು.

ಈ ಹಣ ನಮ್ಮೆಲ್ಲರ ತೆರಿಗೆಯದು. ನೆರವು ಪಡೆದವರು ಇಂಗಾಲಾಮ್ಲವನ್ನು ಎಷ್ಟು ತಗ್ಗಿಸಿದರೆಂದು ಲೆಕ್ಕ ಕೇಳುವುದು ಪೋಷಕರ ಹಕ್ಕು. ಆ ಲೆಕ್ಕವನ್ನು ಪರೀಕ್ಷಿಸಬಲ್ಲಷ್ಟು ವಿಜ್ಞಾನವನ್ನು ಕಲಿಯುವುದು, ಮಕ್ಕಳೇ, ನಿಮ್ಮ ಹೊಣೆ.